ಪಂದ್ಯದ ವಾರಕ್ಕೆ ಮನೆ ಬಾಡಿಗೆಗೆ



2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ಒಪ್ಪಿಸುವ ತೀರ್ಮಾನ 2025ರ ನವೆಂಬರ್ 26ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಅಂತಿಮವಾಯಿತು. ಮೊದಲ ಕೂಟ 1930ರಲ್ಲಿ ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ನಡೆದದ್ದರಿಂದ ಇದು ಶತಮಾನೋತ್ಸವದ ಕೂಟ. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಅಲ್ಲಿಯೇ ನೆಲೆಸಿರುವ ನನ್ನ ಭಾವಮೈದುನ ದೂರವಾಣಿ ಮಾಡಿದ. "ಭಾವ, ಮೊಟೇರಾ ಹತ್ತಿರ ನಮ್ಮದೊಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದೀವಲ್ಲ, ಕೂಟಕ್ಕೆ ಮುಂಚೆ ಅವರನ್ನ ಬಿಡಿಸಿ, ನೋಡೋಕೆ ಬರೋ ಜನಕ್ಕೆ ದಿನದ ಲೆಕ್ಕದಲ್ಲಿ ಕೊಟ್ಟರೆ ಹೇಗೆ? ಗಾಳಿ ಬಂದಾಗ ತೂರಿಕೋ ಅಂತ ನೀವೇ ಹೇಳ್ತಿದ್ರಲ್ಲ" ಎಂದ. ನಾನು ಬೋಧಿಸುತ್ತಿದ್ದುದು ಸಮಾಜ ವಿಜ್ಞಾನ. ಗಾದೆಗಳ ಪಾಠ ಕನ್ನಡ ಪಂಡಿತರಿಗೆ ಸೇರಿದ್ದು. ಆದರೂ ಪ್ರಶ್ನೆ ಒಳ್ಳೆಯದೇ. ದೂರವಾಣಿಯಲ್ಲಿ ಕೊಟ್ಟ ಉತ್ತರ ತೀರಾ ಚಿಕ್ಕದಾಯಿತೆನಿಸಿ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಬೇರೆ ಬೇರೆ ಊರುಗಳಲ್ಲಿ ಮನೆ ಮಾಡಿಕೊಂಡಿರುವ ನಿಮ್ಮಲ್ಲಿ ಹಲವರಿಗೆ ಈ ಪ್ರಶ್ನೆ ಇಂದಲ್ಲ ನಾಳೆ ಎದುರಾಗುವಂಥದ್ದು.

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದೊಡ್ಡ ಕ್ರೀಡಾಕೂಟವೊಂದು ಊರಿಗೆ ಬಂದಾಗ ನಾವು ವಾಸಿಸುವ ಮನೆಯನ್ನು ಕೆಲವು ದಿನ ಪರಸ್ಥಳದವರಿಗೆ ಬಾಡಿಗೆಗೆ ಕೊಡುವುದರಲ್ಲಿ ಅವಮಾನವೂ ಇಲ್ಲ, ಅಧರ್ಮವೂ ಇಲ್ಲ. ಆದರೆ ಹಾಗೆ ಬಿಟ್ಟುಕೊಡುವ ಹಾಸಿಗೆ ನಮ್ಮದಾಗಿರಬೇಕು. ಬೇರೊಬ್ಬ ಸಂಸಾರಸ್ಥನನ್ನು ಎಬ್ಬಿಸಿ ಅವನ ಹಾಸಿಗೆಯ ಜಾಗವನ್ನು ಪ್ರೇಕ್ಷಕನಿಗೆ ಮಾರುವುದು ಬೇರೆಯೇ ಕೆಲಸ. ಕಾನೂನು ಎರಡನ್ನೂ ಒಂದೇ ಹೆಸರಿನಿಂದ ಕರೆದರೂ ನಾವು ಕರೆಯಬೇಕಾಗಿಲ್ಲ.

ಈ ವ್ಯವಹಾರವನ್ನು ಒಂದು ಊರಿಗೆ ಊರೇ ದಶಕಗಳಿಂದ ಕ್ರಮಬದ್ಧವಾಗಿ ನಡೆಸಿಕೊಂಡು ಬಂದಿರುವುದನ್ನು ನೋಡಬೇಕಾದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ನಗರಕ್ಕೆ ಹೋಗಬೇಕು. ಸುಮಾರು 2 ಲಕ್ಷ ಜನಸಂಖ್ಯೆಯ ಮಧ್ಯಮ ಗಾತ್ರದ ಊರು. ಗಾಲ್ಫ್ ಆಟದ ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಒಂದಾದ ಮಾಸ್ಟರ್ಸ್ ಇಲ್ಲಿನ ಕ್ಲಬ್ಬಿನ ಮೈದಾನದಲ್ಲಿ 1934ರಿಂದ ನಡೆಯುತ್ತಿದೆ. ಉಳಿದ ಮೂರು ಪಂದ್ಯಾವಳಿಗಳು ಬೇರೆ ಬೇರೆ ಮೈದಾನಗಳಿಗೆ ಸುತ್ತುತ್ತವೆ. ಇದು ಮಾತ್ರ ಕದಲುವುದಿಲ್ಲ. ಏಪ್ರಿಲ್ ತಿಂಗಳ ಆ ಒಂದು ವಾರ ಪ್ರಪಂಚದ ನಾನಾ ಮೂಲೆಗಳಿಂದ ಜನ ಬಂದಿಳಿಯುತ್ತಾರೆ. ಹೋಟೆಲುಗಳು ಸಾಲುವುದಿಲ್ಲ. ಊರಿನವರು ತಮ್ಮ ಮನೆಗಳ ಬೀಗದ ಕೈಯನ್ನು ಬಂದವರಿಗೆ ಕೊಟ್ಟು ತಾವು ಊರು ಬಿಡುತ್ತಾರೆ. ಅಲ್ಲಿನ ಶಾಲೆಗಳ ವಸಂತಕಾಲದ ರಜೆಯೂ ಅದೇ ವಾರಕ್ಕೆ ಹೊಂದಿಕೊಂಡಿದೆ ಎಂದರೆ ಈ ಪದ್ಧತಿ ಎಷ್ಟು ಆಳವಾಗಿ ಬೇರುಬಿಟ್ಟಿದೆ ಎಂಬುದನ್ನು ಊಹಿಸಿಕೊಳ್ಳಿ. ಮೂವತ್ತು ವರ್ಷ ಶಾಲೆಯ ವೇಳಾಪಟ್ಟಿಯೊಂದಿಗೆ ಗುದ್ದಾಡಿದ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಊರಿನಲ್ಲಿ ವೈದ್ಯೆಯಾಗಿದ್ದಾಳೆ. ಅವಳು ಬರೆದು ತಿಳಿಸಿದ ವಿವರ ಬಹಳ ಸ್ವಾರಸ್ಯಕರವಾಗಿದೆ. ಮಾರ್ಚ್ ತಿಂಗಳಿನಲ್ಲೇ ಕಪಾಟುಗಳನ್ನು ಖಾಲಿ ಮಾಡಲು ತೊಡಗುತ್ತಾರಂತೆ. ಗೋಡೆಯ ಮೇಲಿನ ಮಕ್ಕಳ ಭಾವಚಿತ್ರಗಳು, ಕಾಗದಪತ್ರಗಳು, ಒಡವೆ, ಔಷಧಿ, ಉಪ್ಪಿನಕಾಯಿಯ ಭರಣಿಗಳು, ಎಲ್ಲವೂ ಒಂದು ಕೋಣೆ ಸೇರಿ ಬೀಗ ಬೀಳುತ್ತದೆ. ಹಾಸಿಗೆಗಳಿಗೆ ಹೊಸ ಹೊದಿಕೆ, ಸ್ನಾನದ ಮನೆಗೆ ಬಿಳಿಯ ಟವೆಲುಗಳು. ದೇವರ ಮಂಟಪವನ್ನು ಮಾತ್ರ ಕಾರಿನಲ್ಲಿ ತಮ್ಮೊಂದಿಗೇ ಒಯ್ಯುತ್ತಾರೆ. ಅತ್ತೆಯವರು ಅದಕ್ಕೆ ಬೀಗ ಹಾಕಲು ಒಪ್ಪಲಿಲ್ಲವಂತೆ. ಕುಟುಂಬ ಪಕ್ಕದ ರಾಜ್ಯದ ಕಡಲತೀರಕ್ಕೆ ಹೋಗಿ ವಾರ ಕಳೆದು ಬರುತ್ತದೆ. "ಮೇಷ್ಟ್ರೇ, ವರ್ಷಕ್ಕೊಮ್ಮೆ ಮನೆಯ ಮೂಲೆಮೂಲೆ ಗುಡಿಸುವುದಕ್ಕೆ ಅಮೆರಿಕದಲ್ಲಿ ನಮಗೆ ಸಿಕ್ಕ ದೀಪಾವಳಿ ಇದೇ" ಎಂದು ಅವಳು ತಮಾಷೆಯಾಗಿ ಬರೆದಿದ್ದಾಳೆ.

ಆ ವಾರದ ಬಾಡಿಗೆ ಮನೆಯ ಗಾತ್ರ, ಮೈದಾನದಿಂದ ಇರುವ ದೂರ ಇವನ್ನು ನೋಡಿ ಕೆಲವು ಸಾವಿರ ಡಾಲರುಗಳಿಂದ ಹತ್ತಾರು ಸಾವಿರ ಡಾಲರುಗಳವರೆಗೆ ಇರುತ್ತದೆ. ಇಲ್ಲಿ ಒಂದು ಕಾನೂನಿನ ಅಂಶ ಬರುತ್ತದೆ. ಅಮೆರಿಕದ ಆದಾಯ ತೆರಿಗೆ ಸಂಹಿತೆಯಲ್ಲಿ 280ಎ ಎಂಬ ವಿಧಿಯಿದೆ. 1976ರ ತೆರಿಗೆ ಸುಧಾರಣಾ ಕಾಯ್ದೆಯಿಂದ ಬಂದದ್ದು. ಅದರ ಒಂದು ಉಪವಿಧಿಯ ಪ್ರಕಾರ, ತಾನು ವಾಸಿಸುವ ಮನೆಯನ್ನು ವರ್ಷದಲ್ಲಿ 15 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಟ್ಟರೆ, ಬಂದ ಹಣ ಎಷ್ಟೇ ಇರಲಿ, ಅದನ್ನು ಆದಾಯವೆಂದು ಎಣಿಸುವಂತಿಲ್ಲ. ಹಾಗೆಯೇ ಆ ಬಾಡಿಗೆಗಾಗಿ ಮಾಡಿದ ಖರ್ಚನ್ನು ಕಳೆಯುವಂತೆಯೂ ಇಲ್ಲ. 14 ದಿನ ಕೊಟ್ಟರೆ ತೆರಿಗೆಯೇ ಇಲ್ಲ. 15 ದಿನ ಕೊಟ್ಟರೆ ಮೊದಲ ದಿನದಿಂದ ಬಂದ ಬಾಡಿಗೆಯೆಲ್ಲವೂ ಲೆಕ್ಕಕ್ಕೆ ಬರುತ್ತದೆ. ಆಗಸ್ಟಾದ ನಿವಾಸಿಗಳಿಗಾಗಿಯೇ ಹುಟ್ಟಿದ ವಿಧಿಯೆಂದು ಜನ ಹೇಳುವುದರಿಂದ ಅದಕ್ಕೆ ಆಗಸ್ಟಾ ನಿಯಮ ಎಂಬ ಹೆಸರೇ ನಿಂತಿದೆ.

ಸಾಹುಕಾರರಿಗೆ ಸಿಕ್ಕ ಸವಲತ್ತೆಂದು ಕೆಲವರು ಇದನ್ನು ಟೀಕಿಸುತ್ತಾರೆ. ಟೀಕೆಯಲ್ಲಿ ಸತ್ಯಾಂಶವಿದೆ: ದೊಡ್ಡ ಬಂಗಲೆಯವನಿಗೆ ದೊಡ್ಡ ವಿನಾಯಿತಿ, ಸಣ್ಣ ಮನೆಯವನಿಗೆ ಸಣ್ಣದು, ಬಾಡಿಗೆ ಮನೆಯವನಿಗೆ ಸಾಮಾನ್ಯವಾಗಿ ಸೊನ್ನೆ. ಆದರೂ ಆ ಗೆರೆಯ ಹಿಂದಿರುವ ವಿವೇಕ ನನಗೆ ಹಿಡಿಸುತ್ತದೆ. ಎರಡು ವಾರ ಮನೆ ಬಿಟ್ಟುಕೊಟ್ಟವನು ಗೃಹಸ್ಥನಾಗಿಯೇ ಉಳಿಯುತ್ತಾನೆ; ಅದಕ್ಕಿಂತ ಹೆಚ್ಚಾದರೆ ಅವನು ವಸತಿಗೃಹದ ವ್ಯಾಪಾರಿ ಎಂದು ಆ ವಿಧಿ ಪರೋಕ್ಷವಾಗಿ ಹೇಳುತ್ತಿದೆ.

ಇಂಥ ಗೆರೆಯನ್ನು ಬೇರೆ ದೇಶಗಳೂ ಎಳೆದಿವೆ, ಒಬ್ಬೊಬ್ಬರು ಒಂದೊಂದು ಕಡೆ. ಲಂಡನ್ನಿನಲ್ಲಿ 1973ರ ಒಂದು ಕಾಯ್ದೆಯಂತೆ ಮನೆಯನ್ನು 90 ರಾತ್ರಿಗಳಿಗಿಂತ ಕಡಿಮೆ ಅವಧಿಯ ತಾತ್ಕಾಲಿಕ ವಾಸಕ್ಕೆ ಕೊಡುವುದೇ ಕಟ್ಟಡದ ಉಪಯೋಗವನ್ನು ಬದಲಿಸಿದಂತೆ ಆಗುತ್ತಿತ್ತು. ಯೋಜನಾ ಅನುಮತಿ ಬೇಕಿತ್ತು. ಅಂದರೆ 2012ರ ಒಲಿಂಪಿಕ್ಸ್ ಸಮಯದಲ್ಲಿ ಮನೆ ಬಾಡಿಗೆಗೆ ಕೊಡಲು ಹೊರಟ ಅದೆಷ್ಟೋ ಮಂದಿ ತಮಗೇ ತಿಳಿಯದೆ ಕಾನೂನಿನ ಗಡಿ ದಾಟುತ್ತಿದ್ದರು. 2015ರಲ್ಲಿ ಆ ಕಾನೂನು ಸಡಿಲವಾಗಿ, ವರ್ಷಕ್ಕೆ 90 ರಾತ್ರಿಗಳವರೆಗೆ ಅನುಮತಿಯಿಲ್ಲದೆ ಕೊಡಬಹುದೆಂದಾಯಿತು. ಪ್ಯಾರಿಸ್ಸಿನ ವಿಚಾರ ಇನ್ನೂ ಸ್ಪಷ್ಟ. ಅಲ್ಲಿ ವರ್ಷದಲ್ಲಿ ಕನಿಷ್ಠ 8 ತಿಂಗಳು ತಾನೇ ವಾಸಿಸಿದರೆ ಮಾತ್ರ ಅದು ಮುಖ್ಯ ನಿವಾಸ. ಆದ್ದರಿಂದ 2024ರ ಒಲಿಂಪಿಕ್ಸ್ ವೇಳೆಗೆ ಮುಖ್ಯ ನಿವಾಸವನ್ನು ಪ್ರವಾಸಿಗಳಿಗೆ ಕೊಡಲು 120 ದಿನಗಳ ಮಿತಿಯಿತ್ತು. ಕೂಟ ಮುಗಿದ ಮೇಲೆ, 2025ರ ಜನವರಿಯಿಂದ, ನಗರಾಡಳಿತ ಅದನ್ನು 90ಕ್ಕೆ ಇಳಿಸಿತು. ಬಾಡಿಗೆದಾರನು ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವಂತೆಯೂ ಅಲ್ಲಿಲ್ಲ. ದಿನಗಳ ಸಂಖ್ಯೆ ಬೇರೆಬೇರೆಯಾದರೂ ಎಲ್ಲ ಕಡೆಯೂ ಕೇಳುವ ಪ್ರಶ್ನೆ ಒಂದೇ: ಈ ಮನೆಯಲ್ಲಿ ಯಾರಾದರೂ ನಿಜವಾಗಿ ಬಾಳುತ್ತಿದ್ದಾರೆಯೇ?

ನಮ್ಮ ದೇಶದಲ್ಲಿ ದಿನಗಳನ್ನು ಎಣಿಸುವ ಬದಲು ಮಾಲೀಕ ಎಲ್ಲಿದ್ದಾನೆ ಎಂಬುದನ್ನು ನೋಡಿದರು. 2010ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ನಡೆದ ಕಾಮನ್‌ವೆಲ್ತ್ ಕೂಟಕ್ಕೆ ಹೋಟೆಲ್ ಕೊಠಡಿಗಳು ಸಾಲವೆಂಬ ಆತಂಕ ಹಲವು ವರ್ಷ ಮೊದಲೇ ಹುಟ್ಟಿತ್ತು. ದೆಹಲಿಯ ವಿಧಾನಸಭೆ 2007ರಲ್ಲಿ ಒಂದು ಕಾಯ್ದೆಯನ್ನೇ ಮಾಡಿ, ಗೃಹಸ್ಥರು ತಮ್ಮ ಮನೆಯ ಕೆಲವು ಕೋಣೆಗಳನ್ನು ನೋಂದಾಯಿಸಿ ಅತಿಥಿಗಳಿಗೆ ವಸತಿ, ಬೆಳಗಿನ ಉಪಾಹಾರ ಕೊಡಲು ದಾರಿ ಮಾಡಿತು. ಸೌಕರ್ಯ ನೋಡಿ ಚಿನ್ನ, ಬೆಳ್ಳಿ ಎಂಬ ಎರಡು ದರ್ಜೆಗಳು. ಮುಖ್ಯ ನಿಬಂಧನೆ ಎಂದರೆ ಮಾಲೀಕನ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಆಗಸ್ಟಾದ ಪದ್ಧತಿಗೆ ಇದು ತದ್ವಿರುದ್ಧ: ಅಲ್ಲಿ ಯಜಮಾನ ಮನೆ ಬಿಟ್ಟು ಹೋಗುತ್ತಾನೆ, ಇಲ್ಲಿ ಮನೆಯೊಳಗೇ ಇದ್ದು ಬಂದವರಿಗೆ ಉಪ್ಪಿಟ್ಟೋ ಪರೋಟವೋ ಬಡಿಸುತ್ತಾನೆ. ನನಗೆ ನಮ್ಮ ಪದ್ಧತಿಯೇ ಹೆಚ್ಚು ಇಷ್ಟ. ಯಜಮಾನತಿ ಅಡುಗೆಮನೆಯಲ್ಲಿ ಓಡಾಡುತ್ತಿರುವ ಮನೆಯಲ್ಲಿ ಅತಿಥಿ ಗಲಾಟೆ ಮಾಡುವುದು ಕಡಿಮೆ.

ಆದರೆ ದೆಹಲಿಯಲ್ಲಿ ಆದದ್ದೇನು? ನಿರೀಕ್ಷಿಸಿದಷ್ಟು ವಿದೇಶೀ ಪ್ರೇಕ್ಷಕರು ಬರಲೇ ಇಲ್ಲ. ಅನೇಕ ಸ್ಪರ್ಧೆಗಳು ಖಾಲಿ ಆಸನಗಳ ಮುಂದೆ ನಡೆದದ್ದನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡೆವು. ಕ್ರೀಡಾಳುಗಳಿಗೂ ಅಧಿಕಾರಿಗಳಿಗೂ ಪ್ರತ್ಯೇಕ ಗ್ರಾಮವಿತ್ತು. ಪ್ರೇಕ್ಷಕರೇ ಇಲ್ಲದ ಮೇಲೆ ಚಿನ್ನದ ದರ್ಜೆಯ ಕೋಣೆಗೆ ಯಾರು ಬರಬೇಕು!

ಇದು ದೆಹಲಿಯ ದುರದೃಷ್ಟ ಮಾತ್ರವಲ್ಲ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ನಡೆದಾಗ ಅಲ್ಲಿನ ಗೃಹಸ್ಥರು ಭಾರೀ ಬಾಡಿಗೆಯ ಕನಸು ಕಂಡು ಮನೆಗಳನ್ನು ಸಜ್ಜುಗೊಳಿಸಿದರು. ಬಹಳ ಮಂದಿಗೆ ಗಿರಾಕಿಯೇ ಸಿಗಲಿಲ್ಲ. 2012ರಲ್ಲಿ ಲಂಡನ್ನಿನಲ್ಲೂ ಅದೇ ಕತೆ. 2024ರಲ್ಲಿ ಪ್ಯಾರಿಸ್ಸಿನ ಜನ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಊರು ಬಿಟ್ಟು ಹೋಗಿ ಮನೆಯನ್ನು ಬಾಡಿಗೆಗೆ ಹಚ್ಚಲು ಎಷ್ಟು ದೊಡ್ಡ ಸಂಖ್ಯೆಯಲ್ಲಿ ಮುಂದಾದರೆಂದರೆ, ಕೂಟ ಹತ್ತಿರ ಬಂದಂತೆ ದರ ಏರುವ ಬದಲು ಇಳಿಯತೊಡಗಿತು. ಒಂದೇ ಬೀದಿಯವರೆಲ್ಲ ಒಂದೇ ದಿನ ತೂರಲು ನಿಂತರೆ ಒಬ್ಬರ ಹೊಟ್ಟು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ; ನಮ್ಮ ಗಾದೆ ಹೇಳದೆ ಬಿಟ್ಟ ಭಾಗ ಅದು.

ಆಗಸ್ಟಾದಲ್ಲಿ ನಡೆಯುವುದು ಬೇರೆಡೆ ಏಕೆ ನಡೆಯುವುದಿಲ್ಲ? ಕಾರಣ ಸರಳವಾಗಿದೆ. ಅಲ್ಲಿ ಪಂದ್ಯಾವಳಿ ಪ್ರತಿವರ್ಷ ಅದೇ ಊರಿಗೆ, ಅದೇ ತಿಂಗಳಿಗೆ ಬರುತ್ತದೆ. ಎಷ್ಟು ಜನ ಬರುತ್ತಾರೆ, ಎಷ್ಟು ಮನೆ ಬೇಕು, ಯಾವ ಬೀದಿಗೆ ಎಷ್ಟು ಬಾಡಿಗೆ ಎಂಬುದು ತಲೆಮಾರುಗಳ ಅನುಭವದಿಂದ ಎಲ್ಲರಿಗೂ ತಿಳಿದಿದೆ. ಕಳೆದ ವರ್ಷ ಬಂದವರು ಈ ವರ್ಷವೂ ಅದೇ ಮನೆ ಕೇಳುವುದುಂಟು, ವಿಶ್ವಾಸ ಬೆಳೆದಿರುತ್ತದೆ. ಒಲಿಂಪಿಕ್ಸ್, ಕಾಮನ್‌ವೆಲ್ತ್ ಕೂಟಗಳು ಹಾಗಲ್ಲ. ಒಂದು ಊರಿನವರ ಜೀವಮಾನದಲ್ಲಿ ಒಮ್ಮೆ ಬಂದರೆ ಹೆಚ್ಚು. ಅಲ್ಲಿ ಪ್ರತಿಯೊಬ್ಬನೂ ಹೊಸಬ. ಎಲ್ಲರ ಲೆಕ್ಕವೂ ಊಹೆ. ಇನ್ನು ಆಗಸ್ಟಾಕ್ಕೂ ಕಂಟಕ ಬರಲಿಲ್ಲವೆಂದಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಪಂದ್ಯಾವಳಿ ಏಪ್ರಿಲಿನಿಂದ ನವೆಂಬರಿಗೆ ಹೋಯಿತು, ಅದೂ ಪ್ರೇಕ್ಷಕರಿಲ್ಲದೆ ನಡೆಯಿತು. ಆ ವರ್ಷ ನನ್ನ ವಿದ್ಯಾರ್ಥಿನಿಯ ಮನೆಯ ಉಪ್ಪಿನಕಾಯಿ ಭರಣಿಗಳು ಸ್ವಸ್ಥಾನದಲ್ಲೇ ಉಳಿದವು. ಆದರೆ ಒಂದು ವರ್ಷದ ನಷ್ಟವನ್ನು ಮುಂದಿನ ವರ್ಷಗಳು ತುಂಬಿಕೊಡುತ್ತವೆಂಬ ಭರವಸೆ ಅವರಿಗಿತ್ತು. ಅಹಮದಾಬಾದಿನವನಿಗೆ 2030 ಕೈಕೊಟ್ಟರೆ 2031 ಎಂಬುದಿಲ್ಲ.

"ಆದರೆ ಭಾವ, 2023ರಲ್ಲಿ ಇಲ್ಲಿ ಏನಾಯಿತು ಗೊತ್ತಲ್ಲ?" ಎಂದು ಭಾವಮೈದುನ ವಾದಿಸಿದ. ಗೊತ್ತು. ಆ ವರ್ಷದ ಅಕ್ಟೋಬರ್ 14ರಂದು ವಿಶ್ವಕಪ್ ಕ್ರಿಕೆಟ್ಟಿನ ಭಾರತ-ಪಾಕಿಸ್ತಾನ ಪಂದ್ಯ ಮೊಟೇರಾದ ಮೈದಾನದಲ್ಲಿ ನಡೆಯಿತು. ಲಕ್ಷಕ್ಕೂ ಹೆಚ್ಚು ಜನ ಕೂರಬಲ್ಲ ಕ್ರೀಡಾಂಗಣ. ಹೋಟೆಲ್ ದರಗಳು ಮಾಮೂಲಿನ ಹತ್ತುಪಟ್ಟಿನವರೆಗೆ ಏರಿದವೆಂದು ಪತ್ರಿಕೆಗಳು ವರದಿ ಮಾಡಿದವು. ಕೊಠಡಿ ಸಿಗದವರು ಆಸ್ಪತ್ರೆಗಳಿಗೆ ದೂರವಾಣಿ ಮಾಡಿ, ದೇಹ ತಪಾಸಣೆಯ ನೆಪದಲ್ಲಿ ಒಂದು ರಾತ್ರಿ ಹಾಸಿಗೆ ಸಿಕ್ಕೀತೇ ಎಂದು ಕೇಳಿದ ಸುದ್ದಿಯೂ ಬಂತು. ಆರೋಗ್ಯವಂತರು ಪಂದ್ಯಕ್ಕಾಗಿ ಆಸ್ಪತ್ರೆ ಸೇರಿದ್ದು ನಮ್ಮ ದೇಶದಲ್ಲಿ ಮಾತ್ರವೇನೋ! ಆದರೆ ಅದೇ ಪಂದ್ಯದ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ. ಮೊದಲು ಅದು ಅಕ್ಟೋಬರ್ 15ಕ್ಕೆ ನಿಗದಿಯಾಗಿತ್ತು. ಅಂದು ನವರಾತ್ರಿಯ ಮೊದಲ ದಿನವೆಂದು ಆಗಸ್ಟಿನಲ್ಲಿ ಒಂದು ದಿನ ಹಿಂದಕ್ಕೆ ತಂದರು. ಮುಂಗಡ ಕೊಟ್ಟು ಕಾದಿರಿಸಿದವರ ಪಾಡು ಏನಾಗಿರಬೇಕು? ಮೇಲಾಗಿ ಅದು ಒಂದು ದಿನದ ಪಂದ್ಯ, ಒಂದು ಎರಡು ರಾತ್ರಿಗಳ ನೂಕುನುಗ್ಗಲು. ಕಾಮನ್‌ವೆಲ್ತ್ ಕೂಟದ ಈಜು, ಭಾರ ಎತ್ತುವ ಸ್ಪರ್ಧೆಗಳಿಗೆ ಅಂಥ ಜನಸಾಗರ ಬರುತ್ತದೆಂದು ದೆಹಲಿಯ ಅನುಭವವಿರುವ ನಾವು ನಂಬುವುದು ಕಷ್ಟ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರಿಗೆ ನನ್ನ ಅಡ್ಡಿಯಿಲ್ಲ, ಬಟ್ಟೆ ಅವರದೇ ಆಗಿದ್ದರೆ.

ಇಲ್ಲಿ ಬಟ್ಟೆ ಯಾರದು? ಭಾವಮೈದುನನ ಫ್ಲ್ಯಾಟಿನಲ್ಲಿ ಇರುವವರು ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹನ್ನೊಂದು ತಿಂಗಳ ಕರಾರು ಪ್ರತಿವರ್ಷ ನವೀಕರಣವಾಗುತ್ತದೆ. ಕಾನೂನಿನ ಪ್ರಕಾರ ಅವನು ಒಂದು ವರ್ಷ ನವೀಕರಿಸದಿದ್ದರೆ ಮುಗಿಯಿತು, ಯಾರೂ ಪ್ರಶ್ನಿಸುವಂತಿಲ್ಲ. ಆದರೆ ನನ್ನ ಕಣ್ಣ ಮುಂದೆ ಬರುವುದು ಕರಾರು ಪತ್ರವಲ್ಲ, ವರ್ಗಾವಣೆ ಪತ್ರ. ನಾವು ಟಿ.ಸಿ. ಎನ್ನುತ್ತಿದ್ದೆವಲ್ಲ, ಅದು. ದಸರಾ ರಜೆ ಮುಗಿದ ಮೇಲೆ, ಅರ್ಧ ಪಾಠ ಆಗಿಹೋದ ಮೇಲೆ, ಟಿ.ಸಿ. ಹಿಡಿದು ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ಮಕ್ಕಳನ್ನು ನಾನು ನನ್ನ ಸೇವಾವಧಿಯುದ್ದಕ್ಕೂ ಕಂಡಿದ್ದೇನೆ. ಶಾಲೆ ಬಿಟ್ಟ ಕಾರಣ ಎಂಬ ಅಂಕಣದಲ್ಲಿ ಹೆಚ್ಚಾಗಿ ಪೋಷಕರ ಕೋರಿಕೆ ಎಂದಿರುತ್ತಿತ್ತು. ಮೆಲ್ಲಗೆ ವಿಚಾರಿಸಿದರೆ ಎಷ್ಟೋ ಸಲ ಹೊರಬೀಳುತ್ತಿದ್ದ ಕಾರಣ, ಮನೆ ಮಾಲೀಕರು ಖಾಲಿ ಮಾಡಿಸಿದರು ಎಂಬುದು. ಆ ಮಕ್ಕಳು ಕೊನೆಯ ಬೆಂಚಿನಲ್ಲಿ ಕುಳಿತು ಆ ವರ್ಷವಿಡೀ ಮಾತಾಡುತ್ತಿರಲಿಲ್ಲ. ಅಂಥವರಲ್ಲಿ ಇಬ್ಬರು ಮೂವರು ಇಂದು ಇದನ್ನು ಓದುತ್ತಿರಲೂಬಹುದು. ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಇದು ನಮ್ಮ ದೇಶದ ಕತೆ ಮಾತ್ರವಲ್ಲ. 2012ರಲ್ಲಿ ಪೂರ್ವ ಲಂಡನ್ನಿನಲ್ಲಿ ಕೆಲವು ಮಾಲೀಕರು ಒಲಿಂಪಿಕ್ಸ್ ಬಾಡಿಗೆಯ ಆಸೆಗೆ ಹಳೆಯ ಬಾಡಿಗೆದಾರರನ್ನು ಹೊರಡಿಸುತ್ತಿದ್ದಾರೆಂದು ವಸತಿ ಸಮಸ್ಯೆಗಾಗಿ ದುಡಿಯುವ ಶೆಲ್ಟರ್ ಸಂಸ್ಥೆ ಎಚ್ಚರಿಸಬೇಕಾಯಿತು. ಪ್ಯಾರಿಸ್ಸಿನಲ್ಲಿಯಂತೂ ಸರ್ಕಾರವೇ ಮುಂದೆ ನಿಂತು, 2024ರ ಬೇಸಿಗೆಯಲ್ಲಿ ವಿದ್ಯಾರ್ಥಿ ನಿಲಯಗಳ ಸಾವಿರಾರು ಕೊಠಡಿಗಳನ್ನು ಪೊಲೀಸರು, ಅಗ್ನಿಶಾಮಕ ದಳದವರು ಮುಂತಾದವರ ವಸತಿಗಾಗಿ ವಶಕ್ಕೆ ತೆಗೆದುಕೊಂಡಿತು. ಕೊಠಡಿ ಬಿಟ್ಟುಕೊಟ್ಟ ವಿದ್ಯಾರ್ಥಿಗೆ ಸಿಕ್ಕ ಪರಿಹಾರ 100 ಯೂರೋ ಮತ್ತು ಕೂಟದ ಎರಡು ಟಿಕೆಟ್. ವಿಷಯ ಅಲ್ಲಿನ ಅತ್ಯುಚ್ಚ ಆಡಳಿತ ನ್ಯಾಯಾಲಯದವರೆಗೆ ಹೋದರೂ ಸರ್ಕಾರದ ತೀರ್ಮಾನವೇ ನಿಂತಿತು. ಪರ್ಯಾಯ ಕೊಠಡಿ ಕೊಡುತ್ತೇವೆಂದು ಹೇಳಿದ್ದರು ನಿಜ. ಆದರೆ ಪರೀಕ್ಷೆ ಮುಗಿಸಿ, ಬೇಸಿಗೆಯಲ್ಲಿ ಅಲ್ಲೇ ಏನಾದರೂ ಕೆಲಸ ಮಾಡಿಕೊಂಡು ಇರಬೇಕೆಂದಿದ್ದ ಬಡ ವಿದ್ಯಾರ್ಥಿಗೆ ಪೆಟ್ಟಿಗೆ ಹೊತ್ತುಕೊಂಡು ಇನ್ನೊಂದು ಕಡೆ ಹೋಗುವ ಕಷ್ಟವನ್ನು ಎರಡು ಟಿಕೆಟ್ ಮರೆಸುತ್ತದೆಯೇ? ಶಿಕ್ಷಕನಾಗಿದ್ದವನಿಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ.

ಭಾವಮೈದುನ ವ್ಯವಹಾರಸ್ಥ. ಕರುಣೆಯ ಮಾತಿಗಿಂತ ಅಂಕಿಗಳು ಅವನಿಗೆ ಹತ್ತಿರ. ಆದ್ದರಿಂದ ಅಂಕಿಗಳಲ್ಲೇ ಹೇಳಿದೆ. ಉದಾಹರಣೆಗೆ ತಿಂಗಳ ಬಾಡಿಗೆ 22,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸುಣ್ಣಬಣ್ಣ, ದುರಸ್ತಿಗೆಂದು ಕೂಟಕ್ಕೆ ಒಂದು ತಿಂಗಳು ಮುಂಚೆ ಮನೆ ಖಾಲಿಯಾಗಬೇಕು. ಕೂಟದ ತಿಂಗಳು ಒಂದು. ಮುಗಿದ ಮೇಲೆ ಹೊಸ ಬಾಡಿಗೆದಾರ ಸಿಗಲು ಇನ್ನೊಂದು. ಮೂರು ತಿಂಗಳಿಗೆ 66,000 ಹೋಯಿತು. ಮಂಚ, ಹಾಸಿಗೆ, ಪಾತ್ರೆಪಗಡ, ಬಣ್ಣ ಎಲ್ಲ ಸೇರಿ 40,000 ಎನ್ನಿ. ಒಟ್ಟು 1,06,000. ದಿನಕ್ಕೆ 5,000ದಂತೆ 10 ರಾತ್ರಿ ಕೊಟ್ಟರೆ ಬರುವುದು 50,000. ದಿನಕ್ಕೆ 10,000 ಕೊಡುವ ಪುಣ್ಯಾತ್ಮ ಹತ್ತೂ ರಾತ್ರಿಗೆ ಸಿಕ್ಕಿದರೂ 6,000 ಕೈಬಿಟ್ಟೇ ಹೋಗುತ್ತದೆ. ಅಮೆರಿಕದ 14 ದಿನಗಳ ವಿನಾಯಿತಿ ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಇಲ್ಲ, ಬಂದದ್ದೆಲ್ಲ ಆದಾಯವೇ. ಜಾಲತಾಣದ ಮೂಲಕ ಕೊಟ್ಟರೆ ಮಧ್ಯವರ್ತಿಯ ಪಾಲು ಬೇರೆ. ಅತ್ತ ಕಡೆ ಕೆಲವು ಕ್ಷಣ ಮೌನ. ಆಮೇಲೆ "ಅಕ್ಕ ಇದ್ದಾಳಾ, ಕೊಡಿ" ಎಂದ.

ಅದೇ ಭಾವಮೈದುನ ತಾನು ವಾಸಿಸುವ ಮನೆಯ ಮಹಡಿಯ ಎರಡು ಕೋಣೆಗಳನ್ನು ಕೊಟ್ಟರೆ? ಮಗಳು ಮದುವೆಯಾಗಿ ಹೋಗಿದ್ದಾಳೆ, ಮಗ ಪುಣೆಯಲ್ಲಿದ್ದಾನೆ, ಕೋಣೆಗಳು ಖಾಲಿ ಬಿದ್ದಿವೆ. ಗುಜರಾತ್ ಸರ್ಕಾರ 2014ರಲ್ಲಿಯೇ ಹೋಂಸ್ಟೇ ನೀತಿ ತಂದಿದೆ. ಬಾಡಿಗೆ ನಷ್ಟವಿಲ್ಲ, ಹಾಸಿಗೆ ಆಗಲೇ ಇದೆ, ಯಾರೂ ಬರದಿದ್ದರೂ ಕಳೆದುಕೊಂಡದ್ದು ಏನೂ ಇಲ್ಲ. ಇದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ ಎಂದು ಅವನಿಗೂ ಹೇಳಿದ್ದೇನೆ.

ಇಲ್ಲಿ ನಮ್ಮ ಬಂಧುಗಳಲ್ಲಿ ಹಿರಿಯರು ಕೆಲವರು ಆಕ್ಷೇಪ ಎತ್ತುತ್ತಾರೆಂದು ಬಲ್ಲೆ. ಅತಿಥಿಯನ್ನು ದೇವರೆಂದು ತಿಳಿಯಬೇಕೆಂದು ತೈತ್ತಿರೀಯ ಉಪನಿಷತ್ತು ಉಪದೇಶಿಸುವ ನಾಡಿನಲ್ಲಿ ಮನೆಗೆ ಬಂದವರಿಂದ ಹಣ ಎಣಿಸಿಕೊಳ್ಳುವುದೇ ಎಂದು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವಾಗ ಪೇಟೆಯ ಮನೆಗಳು ನೆಂಟರಿಂದ, ನೆಂಟರ ನೆಂಟರಿಂದ ತುಂಬಿಹೋಗುತ್ತವೆ. ಜಗಲಿಯಲ್ಲಿ, ಅಟ್ಟದಲ್ಲಿ, ಅಡುಗೆಮನೆಯ ಬಾಗಿಲವರೆಗೂ ಚಾಪೆ ಹಾಸಿ ಮಲಗುತ್ತಾರೆ. ಯಾರಾದರೂ ದುಡ್ಡು ಕೇಳುತ್ತಾರೆಯೇ? ಇಲ್ಲ. ಆದರೆ ಅಲ್ಲಿ ಕಾಣದ ಒಂದು ಲೆಕ್ಕವಿದೆ: ಇಂದು ನನ್ನ ಜಗಲಿಯಲ್ಲಿ ಮಲಗಿದವನ ಊರಿನ ತೇರಿಗೆ ನಾಳೆ ನಾನು ಹೋಗುತ್ತೇನೆ, ಅವನ ಮಗಳ ಮದುವೆಗೆ ಹಿಂದಿನ ದಿನವೇ ಹೋಗಿ ತರಕಾರಿ ಹೆಚ್ಚುತ್ತೇನೆ. ಮೆಲ್ಬರ್ನಿನಿಂದ ಹಾಕಿ ನೋಡಲು ಬಂದವನೊಂದಿಗೆ ಆ ಕೊಡುಕೊಳೆ ಸಾಧ್ಯವಿಲ್ಲ. ಅವನಿಂದ ನ್ಯಾಯವಾದ ಬಾಡಿಗೆ ಪಡೆದು, ಅದನ್ನು ಬಾಡಿಗೆ ಎಂದೇ ಕರೆಯುವುದು ಪ್ರಾಮಾಣಿಕ ಮಾರ್ಗ. ನನಗೆ ಕಿರಿಕಿರಿಯಾಗುವುದು ಹತ್ತುಪಟ್ಟು ದರ ಹೇಳಿ, ಬಾಗಿಲಲ್ಲಿ ಆರತಿ ಎತ್ತಿ, ಉಪನಿಷತ್ತಿನ ಫಲಕ ತೂಗುಹಾಕುವವರನ್ನು ಕಂಡಾಗ. ಗಿರಾಕಿಯನ್ನು ಗಿರಾಕಿಯಂತೆ ಗೌರವದಿಂದ ಕಂಡರೆ ಸಾಕು. ದೇವರ ಮಟ್ಟಕ್ಕೆ ಏರಿಸಿ ಜೇಬಿಗೆ ಕೈಹಾಕುವುದು ಬೇಡ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮಲ್ಲಿ ಮನೆ ಬಾಡಿಗೆಗೆ ಕೊಡುವಾಗ ಬಾಯಿಗೆ ಬರುವ ಮೊದಲ ಪ್ರಶ್ನೆ ಹೆಸರಲ್ಲ, "ನೀವು ಯಾವ ಪೈಕಿ?" ಎಂಬುದು. ಹಣಕ್ಕಾಗಿ ಬಾಗಿಲು ತೆರೆದವನು ಆ ಪ್ರಶ್ನೆಯನ್ನು ಹೊರಗೇ ಬಿಡಬೇಕು. ಕಾಮನ್‌ವೆಲ್ತ್ ಎಂದರೆ ನೈಜೀರಿಯಾ ಇದೆ, ಪಾಕಿಸ್ತಾನ ಇದೆ, ಜಮೈಕಾ ಇದೆ. ನಮ್ಮ ಅಡುಗೆಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ, ದೇವರ ಕೋಣೆಗೆ ಪ್ರವೇಶವಿಲ್ಲ ಎಂಬ ನಿಯಮ ಹಾಕಲು ಗೃಹಸ್ಥನಿಗೆ ಹಕ್ಕಿದೆ. ಅದನ್ನು ಮುಂಚಿತವಾಗಿ ಬರೆದು ತಿಳಿಸಿದರೆ ಒಪ್ಪುವವರು ಬರುತ್ತಾರೆ. ಆದರೆ ಮನುಷ್ಯನ ಮೈಬಣ್ಣ, ಹೆಸರು ನೋಡಿ ಕೋಣೆ ಭರ್ತಿಯಾಗಿದೆ ಎಂದು ಸುಳ್ಳು ಹೇಳುವವರು ದಯವಿಟ್ಟು ಈ ವ್ಯವಹಾರಕ್ಕೇ ಇಳಿಯಬಾರದು. ಅಂಥವರು ಮನೆಯಲ್ಲೇ ಕುಳಿತು ದೂರದರ್ಶನದಲ್ಲಿ ಕೂಟ ನೋಡಲಿ.

ನೆರೆಹೊರೆಯವರ ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಬಾಡಿಗೆಯ ಹಣ ಒಬ್ಬರ ಕೈಸೇರುತ್ತದೆ. ರಾತ್ರಿ ಎರಡು ಗಂಟೆಗೆ ಗೆದ್ದ ಸಂಭ್ರಮದಲ್ಲಿ ಬರುವವರ ಸದ್ದು, ಲಿಫ್ಟಿನ ಓಡಾಟ, ಖಾಲಿಯಾದ ನೀರಿನ ತೊಟ್ಟಿ ಇವು ಮಾತ್ರ ಇಡೀ ಕಟ್ಟಡಕ್ಕೆ ಹಂಚಿಕೆಯಾಗುತ್ತವೆ. ಆದ್ದರಿಂದ ವಸತಿ ಸಂಘದ ಒಪ್ಪಿಗೆಯನ್ನು ಬಾಯಿಮಾತಿನಲ್ಲಲ್ಲ, ಲಿಖಿತವಾಗಿ ಪಡೆಯಬೇಕು. ಎದುರುಮನೆಯ ವೃದ್ಧರಿಗೆ ಯಾರು ಬರುತ್ತಿದ್ದಾರೆ, ಎಷ್ಟು ದಿನ ಇರುತ್ತಾರೆ ಎಂದು ಮೊದಲೇ ಹೇಳಿಡುವುದು ಕಾನೂನಿನಲ್ಲಿಲ್ಲದಿದ್ದರೂ ಮರ್ಯಾದೆಯ ವಿಷಯ.

ಇಷ್ಟೆಲ್ಲ ಓದಿದ ಮೇಲೂ ನಿಮ್ಮ ನಿಮ್ಮ ಊರಿನಲ್ಲಿ ತಮ್ಮದೇ ಕೋಣೆ ಕೊಡಲು ಮುಂದಾಗುವವರಿಗೆ ಕೆಲವು ವ್ಯಾವಹಾರಿಕ ಸೂಚನೆಗಳು. ವಿದೇಶೀಯರು ಮನೆಯಲ್ಲಿ ತಂಗಿದರೆ ಅವರು ಬಂದ 24 ಗಂಟೆಗಳೊಳಗೆ ಅವರ ವಿವರವನ್ನು ವಿದೇಶೀಯರ ನೋಂದಣಿ ಕಚೇರಿಗೆ ಅಂತರಜಾಲದ ಮೂಲಕ ಸಲ್ಲಿಸಬೇಕು. ಸಿ ಫಾರಂ ಎಂದು ಹೋಟೆಲಿನವರು ಬಹುಕಾಲ ಕರೆಯುತ್ತಿದ್ದದ್ದು ಇದನ್ನೇ. 2025ರಲ್ಲಿ ಹೊಸ ಕಾಯ್ದೆ ಬಂದಿದೆಯಾದರೂ ಈ ಕರ್ತವ್ಯ ಹಾಗೆಯೇ ಉಳಿದಿದೆ. ಖಾಸಗಿ ಮನೆಯೆಂಬ ವಿನಾಯಿತಿ ಇದಕ್ಕಿಲ್ಲ. ಮುಂಗಡ ಎಷ್ಟು, ಪಂದ್ಯದ ದಿನಾಂಕ ಬದಲಾದರೆ ಎಷ್ಟು ಹಿಂದಿರುಗಿಸುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬೆಲೆಬಾಳುವುದನ್ನೆಲ್ಲ ಒಂದು ಕೋಣೆಗೆ ಸೇರಿಸಿ ಬೀಗ ಹಾಕುವ ಆಗಸ್ಟಾದವರ ಪದ್ಧತಿ ಅನುಕರಣೀಯ. ಬಂದವರಿಗೆ ಕಾಣುವಂತೆ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿ: ನಲ್ಲಿಯ ನೀರು ಎಷ್ಟು ಗಂಟೆಗೆ ಬರುತ್ತದೆ, ಗೀಸರಿನ ಸ್ವಿಚ್ಚು ಯಾವುದು, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಯಾವ ಕಡೆಗೆ ತಿರುಗಿಸಿದರೆ ಬಂದ್ ಆಗುತ್ತದೆ, ಹತ್ತಿರದ ವೈದ್ಯರು ಯಾರು ಎಂದು. ಕೆಳಗೆ ನಿಮ್ಮ ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿರಿ; ನಿಮ್ಮ ಕೈಬರಹವನ್ನು ನಾನು ಬಲ್ಲೆನಾದ್ದರಿಂದ ಸ್ವಲ್ಪ ದುಂಡಗೆ.